‘ಶ್ಯಾಲೋ’ ಪದದ ಆಳ-ಅಗಲ

ನಮ್ಮ ಮಕ್ಕಳ ಬಾಯಲ್ಲಿ ಆಗಾಗ ಕೇಳಿಬರುವ ಇಂಗ್ಲಿಷ್ ಪದಗಳಲ್ಲಿ ‘ಶ್ಯಾಲೋ’ ಕೂಡ ಒಂದು. ಆಳ ಕಡಿಮೆ ಎಂಬುದು ಇದರ ಮೂಲ ಅರ್ಥ. ವಿರುದ್ಧ ಪದ ‘ಡೀಪ್’. ಕನ್ನಡದಲ್ಲಿ ಇದನ್ನೇ ನಾವು ಮೈಯಳತೆಯಿಂದ ಹೇಳುವುದುಂಟು: ಪಾದ ಮುಳುಗುವಷ್ಟು ನೀರು, ಮೊಣಕಾಲುದ್ದ ನೀರು, ಸೊಂಟದವರೆಗಿನ ನೀರು.

ಬಳಕೆಗೆ ತಕ್ಕಂತೆ ಕನ್ನಡದ ಮಾತೂ ಬದಲಾಗಬೇಕು. ಶ್ಯಾಲೋ ಪಾತ್ರೆ ಎಂದರೆ ತಟ್ಟೆಯಂತೆ ಅಗಲವಾದದ್ದು. ಶ್ಯಾಲೋ ಫ್ರೈ ಎಂದರೆ ಬಾಣಲೆ ತುಂಬ ಎಣ್ಣೆಯಲ್ಲಿ ಕರಿಯುವುದಲ್ಲ, ಕಾವಲಿಯ ಮೇಲೆ ಸ್ವಲ್ಪ ಎಣ್ಣೆ ಬಿಟ್ಟು ಬೇಯಿಸುವುದು. ಶ್ಯಾಲೋ ಉಸಿರಾಟ ಎಂದರೆ ಎದೆ ತುಂಬದ, ಮೇಲುಮೇಲಿನ ಉಸಿರು. ‘ಹಾಲೋ’ ಎಂಬುದು ಬೇರೆ ಪದ. ಅದು ಒಳಗೆ ಟೊಳ್ಳಾದದ್ದಕ್ಕೆ ಸಲ್ಲುತ್ತದೆ.

ಮನುಷ್ಯರಿಗೆ ಅನ್ವಯಿಸಿದಾಗ ಮಾತ್ರ ಈ ಪದ ಬೈಗುಳವಾಗುತ್ತದೆ. ಬಟ್ಟೆ, ಕಾರು, ಅಂಕ ನೋಡಿ ಇನ್ನೊಬ್ಬರನ್ನು ಅಳೆಯುವವರನ್ನು ‘ಶ್ಯಾಲೋ’ ಎನ್ನುತ್ತಾರೆ. ನೀರಿಗೆ ಹೇಳಿದರೆ ಅದು ಬರೀ ಅಳತೆ. ಗೆಳೆಯನಿಗೆ ಹೇಳಿದರೆ ತೀರ್ಪು. ಈ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸಬೇಕು.

ಅಳತೆಯೂ ಸಂದರ್ಭಕ್ಕೆ ತಕ್ಕಂತೆ ಇರುತ್ತದೆ. ವುಡ್‌ಲ್ಯಾಂಡ್ಸ್ ದಡದಲ್ಲಿ ನಿಂತರೆ ನಮಗೆ ಕಾಣುವುದು ಜೊಹೊರ್ ಜಲಸಂಧಿ. ಸಿಂಗಪುರದ ಪಶ್ಚಿಮಕ್ಕೆ ಹೋದರೆ ಮಲಕ್ಕಾ ಜಲಸಂಧಿ. ಅದರ ಹಡಗುದಾರಿಯಲ್ಲಿ ಕೆಲವೆಡೆ ಆಳ ಸುಮಾರು 25 ಮೀಟರ್ ಮಾತ್ರ. ಈಜುವವರಿಗೆ ಅದು ಮಹಾ ಆಳ; ಭಾರೀ ತೈಲ ಹಡಗಿಗೆ ಶ್ಯಾಲೋ! ಅತಿ ದೊಡ್ಡ ಹಡಗುಗಳು ಇಂಡೊನೇಷ್ಯದ ಲೊಂಬೊಕ್ ಜಲಸಂಧಿಯನ್ನು ಬಳಸಿ ಸುತ್ತಿಕೊಂಡು ಹೋಗುವುದುಂಟು.

ನಮ್ಮ ಮಕ್ಕಳ ಕನ್ನಡಕ್ಕೂ ಈ ಮಾತು ಸಲ್ಲುತ್ತದೆ. ಸಿಂಗಪುರದ ಶಾಲೆಗಳಲ್ಲಿ ಮಾತೃಭಾಷಾ ವಿಷಯವಾಗಿ ತಮಿಳು, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಕಲಿಯಬಹುದು. ಕನ್ನಡ ಆ ಪಟ್ಟಿಯಲ್ಲಿಲ್ಲ. ಕಲಿಸುವ ಹೊಣೆ ಮನೆಯದು. ಅಜ್ಜಿಯೊಡನೆ ಫೋನಿನಲ್ಲಿ ಮಾತಾಡುವಾಗ ಮಗು ತಡವರಿಸಿದರೆ “ನಿನ್ನ ಕನ್ನಡ ಇಷ್ಟೇನಾ?” ಎಂದು ನಗಬಾರದು. ಅಜ್ಜಿಗೆ “ಊಟ ಆಯ್ತಾ ಅಜ್ಜಿ?” ಎಂಬ ಒಂದು ಮಾತೇ ಸಾಕು. ಈಜು ಕಲಿಯುವವರು ಇಳಿಯುವುದೂ ಕೊಳದ ಆಳವಿಲ್ಲದ ಬದಿಯಲ್ಲೇ ಅಲ್ಲವೇ? ಕೈಹಿಡಿದು ಜೊತೆಗೆ ಇಳಿಯೋಣ. ಆಳ ತಾನಾಗಿ ಬರುತ್ತದೆ.