ಹೆಗಲ ಭಾರ ಸೊಂಟಕ್ಕಿಳಿಯಲಿ

ರಾಮನವಮಿ ಹತ್ತಿರವಾದಂತೆ ಮುಂಬಯಿಯ ಗಲ್ಲಿಗಲ್ಲಿಗಳಿಂದ ಶಿರಡಿಗೆ ಸಾಯಿಬಾಬಾ ಪಾಲಖಿಗಳು ಹೊರಡುತ್ತವೆ. ಠಾಣೆ, ಭಿವಂಡಿ ಬೈಪಾಸ್, ಶಹಾಪುರ, ಕಸಾರಾ ಘಾಟ್, ಇಗತ್‌ಪುರಿ, ಘೋಟಿ, ಸಿನ್ನರ್ ದಾಟಿ ಸುಮಾರು 250 ಕಿಲೋಮೀಟರ್ ನಡಿಗೆ. ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಕಾಲಿಗಿಂತ ಬೆನ್ನಚೀಲದ ದೂರೇ ಹೆಚ್ಚು. ಮಿಕ್ಕ ಪ್ರಶ್ನೆಗಳು ಮುಂದಿನ ವಾರಕ್ಕಿರಲಿ.

ಪ್ರಶ್ನೆ: ನನಗೆ 34 ವರ್ಷ. ಕಳೆದ ವರ್ಷ ಹಳೆಯ ಕಾಲೇಜು ಬ್ಯಾಗು ಹಾಕಿಕೊಂಡು ಶಿರಡಿಗೆ ನಡೆದೆ. ಮೂರನೇ ದಿನ ಬಲಗೈ ಜುಮ್ಮೆಂದು, ಊಟದ ತಟ್ಟೆ ಎತ್ತಲೂ ಆಗದಾಯಿತು. ಸರಿಹೋಗಲು ಒಂದು ತಿಂಗಳು ಹಿಡಿಯಿತು. ಈ ಸಲ 60 ಲೀಟರಿನ ಟ್ರೆಕ್ಕಿಂಗ್ ಬ್ಯಾಗು ತಂದಿದ್ದೇನೆ. ಅದರ ಮೇಲೆ ಬಾಬಾ ಚಿತ್ರ ಹೊಲಿಸಬೇಕೆಂದಿದ್ದೇನೆ. ಸಾಕೇ? — ಭಾಂಡುಪ್ ಓದುಗ

ಉತ್ತರ: ಚಿತ್ರ ಕೊನೆಗೆ ಹೊಲಿಸೋಣ. ಮೊದಲು ಕೈಯ ವಿಚಾರ. ಕುತ್ತಿಗೆಯಿಂದ ಹೊರಟು ಕಾಲರ್ ಮೂಳೆಯ ಅಡಿ ಹಾದು ಕೈಗಿಳಿಯುವ ನರಗಳ ಗೊಂಚಲೊಂದಿದೆ. ತೆಳ್ಳಗಿನ ಪಟ್ಟಿ ಗಂಟೆಗಟ್ಟಲೆ ಹೆಗಲನ್ನು ಕೆಳಕ್ಕೆ ಜಗ್ಗಿದರೆ ಈ ನರಗಳು ಹಿಗ್ಗುತ್ತವೆ, ಒತ್ತಿಗೂ ಸಿಗುತ್ತವೆ. ಸೈನಿಕರಲ್ಲಿ ಇದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿ ರಕ್‌ಸ್ಯಾಕ್ ಪಾಲ್ಸಿ ಎಂದು ಹೆಸರಿಟ್ಟಿದ್ದಾರೆ. ಬಹುಮಟ್ಟಿಗೆ ತಾನಾಗಿ ವಾಸಿಯಾಗುತ್ತದೆ. ಆದರೂ ಒಂದು ಪರೀಕ್ಷೆ ಮಾಡಿ: ಎರಡೂ ಅಂಗೈಯಿಂದ ಗೋಡೆಯನ್ನು ತಳ್ಳಿ, ಮನೆಯವರು ಹಿಂದಿನಿಂದ ನೋಡಲಿ. ಬಲಗಡೆಯ ಹೆಗಲ ಹಲಗೆ ರೆಕ್ಕೆಯಂತೆ ಎದ್ದು ಕಂಡರೆ, ಅಥವಾ ಕೈಯಲ್ಲಿ ಇನ್ನೂ ಬಲ ಕಡಿಮೆಯಿದ್ದರೆ, ಈ ವರ್ಷ ಚೀಲ ಹೊರಬೇಡಿ. ನರತಜ್ಞರಿಗೆ ತೋರಿಸಿ.

ಇನ್ನು ನಿಮ್ಮ ಹೊಸ ಬ್ಯಾಗು. ನಿಮ್ಮ ಪಾಲಖಿ ಮಂಡಳಿಯ ಜತೆ ಟೆಂಪೊ ಬರುತ್ತದಲ್ಲವೇ? ಹಾಸಿಗೆ, ಬಟ್ಟೆ, ಪಾತ್ರೆ ಎಲ್ಲ ಅದರಲ್ಲಿ ಹೋಗುತ್ತದೆ. ಬೆನ್ನ ಮೇಲೆ ಬೇಕಾದದ್ದು ಒಂದು ಮುಕ್ಕಾಮಿನಿಂದ ಮುಂದಿನದಕ್ಕೆ ಬೇಕಾಗುವಷ್ಟೇ. ಅದಕ್ಕೆ 20–25 ಲೀಟರ್ ಧಾರಾಳ. 60 ಲೀಟರಿನ ಚೀಲ ಖಾಲಿ ಇರುವುದಿಲ್ಲ, ಮನೆಯವರು ತುಂಬಿಸಿಯೇ ಕಳಿಸುತ್ತಾರೆ. ಮೊನ್ನೆ ಒಬ್ಬರು ಕ್ಲಿನಿಕ್ಕಿಗೆ ಚೀಲ ಸಮೇತ ಬಂದಿದ್ದರು. ತೂಕದ ಯಂತ್ರದ ಮೇಲಿಟ್ಟರೆ 11 ಕಿಲೋ. ಬಿಚ್ಚಿದರೆ ಎರಡು ಬೆಡ್‌ಶೀಟು, ಸ್ಟೀಲಿನ ಫ್ಲಾಸ್ಕು, ಒಂದು ಡಬ್ಬಿ ಚಕ್ಕುಲಿ, ಎರಡು ಪವರ್ ಬ್ಯಾಂಕು, ಕಬ್ಬಿಣದ ಬೀಗ, ಅತ್ತೆ ಕೊಟ್ಟ ಕೊಬ್ಬರಿ ಎಣ್ಣೆಯ ದೊಡ್ಡ ಬಾಟಲಿ. ಅವರ ಸ್ವಂತ ತೂಕ 62 ಕಿಲೋ.

ಚೀಲ ನಿಮ್ಮದಾಗುವುದು ಅಳತೆಯಿಂದ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ನಿಲ್ಲುವ ಗಂಟು ಏಳನೆಯ ಕಶೇರುಕ. ಎರಡೂ ಕೈ ಸೊಂಟದ ಮೂಳೆಯ ಮೇಲಂಚಿಗಿಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿ. ಗಂಟಿನಿಂದ ಹೆಬ್ಬೆರಳುಗಳ ಗೆರೆಯವರೆಗೆ ದರ್ಜಿಯ ಟೇಪು ಹಿಡಿದರೆ ಬರುವುದೇ ನಿಮ್ಮ ಬೆನ್ನುದ್ದ. ಆರಡಿ ಎತ್ತರದವರಿಗೂ ಬೆನ್ನು ಗಿಡ್ಡವಿರಬಹುದು, ಐದಡಿಯವರಿಗೆ ಉದ್ದವಿರಬಹುದು. ಆದ್ದರಿಂದ ಎತ್ತರ ನೋಡಿ ಚೀಲ ಕೊಳ್ಳಬೇಡಿ. ಚೀಲ ಉದ್ದವಾದರೆ ಸೊಂಟಪಟ್ಟಿ ಕೆಳಹೊಟ್ಟೆಗೆ ಜಾರುತ್ತದೆ, ಗಿಡ್ಡವಾದರೆ ಪಕ್ಕೆಲುಬಿಗೆ ಏರುತ್ತದೆ. ಎರಡರಲ್ಲೂ ಭಾರವೆಲ್ಲ ಮತ್ತೆ ಹೆಗಲಿಗೇ. ಪಟ್ಟಿಯ ನಡುಭಾಗ ಸೊಂಟದ ಮೂಳೆಯ ಮೇಲಂಚಿನ ಮೇಲೆ ಕೂತರೆ ಭಾರದ ಬಹುಪಾಲು ಅಲ್ಲಿಂದ ತೊಡೆಗೆ, ಕಾಲಿಗೆ ಇಳಿಯುತ್ತದೆ. ನಡಿಗೆಗೆಂದೇ ಇರುವ ದೊಡ್ಡ ಸ್ನಾಯುಗಳು ಅಲ್ಲಿವೆ, ಹೆಗಲಲ್ಲಿಲ್ಲ.

ಹಾಕಿಕೊಳ್ಳುವಾಗ ಮೊದಲು ಸೊಂಟಪಟ್ಟಿ ಬಿಗಿಯಿರಿ, ಆಮೇಲೆ ಹೆಗಲ ಪಟ್ಟಿ, ಕೊನೆಗೆ ಎದೆಯ ಪಟ್ಟಿ. ಅಂಗಡಿಗಳಲ್ಲಿ ಎಲ್ಲರೂ ತಿರುಗುಮುರುಗು ಮಾಡುತ್ತಾರೆ. ಸೊಂಟಪಟ್ಟಿಯೇ ಇಲ್ಲದ ಹಳೆಯ ಬ್ಯಾಗಿದ್ದರೆ ಎಸೆಯಬೇಡಿ. ಧಾರಾವಿಯ ಚೀಲ ಹೊಲಿಯುವವರ ಬಳಿ ಒಯ್ಯಿರಿ. ಎರಡು ಅಂಗುಲ ಅಗಲದ ಪಟ್ಟಿ, ಬಕಲ್, ಸೊಂಟದ ಎರಡು ಬದಿಗೆ ಫೋಮಿನ ಮೆತ್ತೆ ಕೇಳಿ. ಹೆಗಲ ಪಟ್ಟಿಯ ಬುಡವನ್ನೂ ನಿಮ್ಮ ಬೆನ್ನುದ್ದಕ್ಕೆ ಮೇಲೆ ಕೆಳಗೆ ಮಾಡಿ ಹೊಲಿದುಕೊಡುತ್ತಾರೆ. ನೀರು ತುಂಬಿದ ಬಾಟಲಿಗಳನ್ನು ಒಳಗಿಟ್ಟು, ಹಾಕಿಕೊಂಡು ತೋರಿಸಿಯೇ ಅಳತೆ ಕೊಡಿ. ಖಾಲಿ ಚೀಲದ ಅಳತೆ ಸುಳ್ಳು ಹೇಳುತ್ತದೆ.

ಈಗ ಬಾಬಾ ಚಿತ್ರ. ಹೊರ ಮುಚ್ಚಳದ ಮೇಲೆ ಖಂಡಿತ ಹೊಲಿಸಿ. ಬೆನ್ನಿಗೆ ತಾಗುವ ಬದಿಗೆ, ಹೆಗಲ ಪಟ್ಟಿಗೆ ಜರಿ, ಬಿಲ್ಲೆ, ದಪ್ಪ ಹೊಲಿಗೆ ಏನೂ ಬೇಡ. ಬೆವರಿನಲ್ಲಿ ಒಂದು ಗಂಟೆ ಉಜ್ಜಿದರೆ ಅದು ಚರ್ಮ ಸುಲಿಯುತ್ತದೆ. ಚಿತ್ರದ ಕೆಳಗೆ ಅಡ್ಡಲಾಗಿ ಬೆಳಕು ಹೊಳೆಯಿಸುವ ಟೇಪನ್ನೂ ಹೊಲಿಸಿ. ಬಿಸಿಲು ತಪ್ಪಿಸಲು ನೀವೆಲ್ಲ ನಸುಕಿನಲ್ಲಿ, ರಾತ್ರಿಯಲ್ಲಿ ನಡೆಯುವುದು ನಾಸಿಕ್ ಹೆದ್ದಾರಿಯಲ್ಲಿ. ಕಪ್ಪು ಚೀಲ ಹೊತ್ತ ಮನುಷ್ಯ ಟ್ರಕ್ ಚಾಲಕನಿಗೆ ಕಾಣುವುದೇ ಇಲ್ಲ. ನನ್ನ ಕೇಳಿದರೆ, ಇಡೀ ಚೀಲದಲ್ಲಿ ಜೀವ ಉಳಿಸುವ ಭಾಗ ಆ ಟೇಪೇ.

ಪ್ರಶ್ನೆ: ವಯಸ್ಸು 58, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಇನ್ಸುಲಿನ್ ನಡೆಯುತ್ತಿದೆ. ಬರಿಗಾಲಲ್ಲಿ ನಡೆಯುವ ಹರಕೆ ಇದೆ. ಚೀಲದಲ್ಲಿ ಔಷಧಿ ಹೇಗಿಡಲಿ? — ಡೊಂಬಿವಲಿ ಓದುಗರು

ಉತ್ತರ: ಬರಿಗಾಲು ಬೇಡ. ಹನ್ನೆರಡು ವರ್ಷದ ಸಕ್ಕರೆಯಲ್ಲಿ ಪಾದದ ಸ್ಪರ್ಶ ಮಂದವಾಗಿರುವ ಸಾಧ್ಯತೆ ಹೆಚ್ಚು. ಏಪ್ರಿಲ್ ಬಿಸಿಲಿನ ಡಾಂಬರು ಅಂಗಾಲು ಸುಟ್ಟರೂ ನಿಮಗೆ ತಿಳಿಯುವುದಿಲ್ಲ; ರಾತ್ರಿ ಮುಕ್ಕಾಮಿನಲ್ಲಿ ಗುಳ್ಳೆ ನೋಡಿದಾಗಲೇ ಗೊತ್ತಾಗುವುದು. ಶಿರಡಿ ತಲುಪಿ, ದರ್ಶನದ ಸಾಲಿನಲ್ಲಿ ಹೇಗೂ ಚಪ್ಪಲಿ ಬಿಡುತ್ತೀರಲ್ಲ, ಹರಕೆ ಅಲ್ಲಿ ತೀರಲಿ. ಹೊರಡುವ ಮೊದಲು ಪಾದ ಪರೀಕ್ಷೆ ಮಾಡಿಸಿ. ದಾರಿಯಲ್ಲಿ ಪ್ರತಿ ರಾತ್ರಿ ಸಣ್ಣ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಆ ಕನ್ನಡಿಗೂ ಚೀಲದಲ್ಲಿ ಜಾಗವಿರಲಿ.

ಇನ್ಸುಲಿನ್ನಿನ ಶತ್ರು ಎರಡು, ಬಿಸಿಲು ಮತ್ತು ಮಂಜುಗಡ್ಡೆ. ಬಿಸಿಲು ಬೀಳುವ ಹೊರ ಜೇಬಿನಲ್ಲಾಗಲಿ ಟೆಂಪೊದ ಡ್ಯಾಶ್‌ಬೋರ್ಡಿನ ಮೇಲಾಗಲಿ ಇಡಬೇಡಿ. ಐಸಿಗೆ ತಾಗಿಸಿಟ್ಟು ಹೆಪ್ಪುಗಟ್ಟಿದ್ದನ್ನು ಮತ್ತೆ ಬಳಸಬೇಡಿ. ನೀರಲ್ಲಿ ನೆನೆಸಿದರೆ ಮಣ್ಣಿನ ಮಡಕೆಯ ಹಾಗೆ ಆವಿಯಿಂದ ತಂಪಾಗುವ ಇನ್ಸುಲಿನ್ ಚೀಲಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಅದಕ್ಕೆ ಗಾಳಿ ಆಡಬೇಕು. ಬಟ್ಟೆಯ ನಡುವೆ ತುರುಕಿದರೆ ಕೆಲಸ ಮಾಡದು. ಚೀಲದ ನೆರಳಿನ ಬದಿಗೆ ಜಾಲರಿಯ ಜೇಬು ಹೊಲಿಸಿ ಅದರಲ್ಲಿಡಿ. ಒಂದು ಹೆಚ್ಚುವರಿ ಇನ್ಸುಲಿನ್ ಪೆನ್ ಜೊತೆಗಾರರ ಬಳಿ ಇರಲಿ.

ಗ್ಲೂಕೋಸ್ ಪುಡಿ ಮಾತ್ರ ಒಳಗೆ ಬೇಡ. ಹೆಗಲ ಪಟ್ಟಿಯ ಮೇಲೆ, ಎದೆಯ ಹತ್ತಿರ, ಒಂದು ಪುಟ್ಟ ಜೇಬು ಹೊಲಿಸಿ. ಸಕ್ಕರೆ ಇಳಿದು ಕೈ ನಡುಗುವಾಗ ಚೀಲ ಇಳಿಸಿ ಜಿಪ್ ಹುಡುಕುವ ಬುದ್ಧಿ ಇರುವುದಿಲ್ಲ. ಅದೇ ಜೇಬಿನಲ್ಲಿ ನಿಮ್ಮ ಕಾಯಿಲೆ, ಔಷಧಿ, ಮನೆಯ ಫೋನ್ ನಂಬರ್ ಬರೆದ ಚೀಟಿ ಇರಲಿ. ಕನ್ನಡದಲ್ಲಿ ಬೇಡ, ಮರಾಠಿಯಲ್ಲಿ ಬರೆಯಿರಿ. ದಿನಕ್ಕೆ 25–30 ಕಿಲೋಮೀಟರ್ ನಡೆದರೆ ಸಕ್ಕರೆ ರಾತ್ರಿ ನಿದ್ದೆಯಲ್ಲೂ ಇಳಿಯಬಹುದು, ಆದ್ದರಿಂದ ಇನ್ಸುಲಿನ್ ಪ್ರಮಾಣವನ್ನು, ಗ್ಲಿಮೆಪಿರೈಡ್ ಮಾತ್ರೆಯೂ ಇದ್ದರೆ ಅದರದನ್ನೂ, ಹೊರಡುವ ಮುನ್ನವೇ ನಿಮ್ಮ ವೈದ್ಯರಿಂದ ತಿದ್ದಿಸಿಕೊಳ್ಳಿ. ದಾರಿಯುದ್ದಕ್ಕೂ ಭಕ್ತರು ಹಂಚುವ ಶೀರಾ, ಚಹಾಗಳ ಲೆಕ್ಕ ಬೇರೆ.

ಪ್ರಶ್ನೆ: 46ರ ಗೃಹಿಣಿ, ತೂಕ 55 ಕಿಲೋ. ಎಷ್ಟು ಭಾರ ಹೊರಬಹುದು? ಸೊಂಟಪಟ್ಟಿ ಕಟ್ಟಿ ಅಭ್ಯಾಸಕ್ಕೆ ನಡೆದರೆ ಎಡತೊಡೆಯ ಹೊರಬದಿ ಮರಗಟ್ಟುತ್ತದೆ. — ಮೀರಾರೋಡ್ ಓದುಗಿ

ಉತ್ತರ: ತೂಕದ ಹತ್ತನೇ ಒಂದು ಭಾಗ, ಅಂದರೆ ನಿಮಗೆ ಐದೂವರೆ ಕಿಲೋ, ನೀರೂ ಸೇರಿ. ಒಂದು ಲೀಟರ್ ನೀರು ಒಂದು ಕಿಲೋ ಎಂಬುದನ್ನು ಎಲ್ಲರೂ ಮರೆಯುತ್ತಾರೆ. ತೊಡೆಯದು ಚರ್ಮದ ನರವೊಂದರ ದೂರು. ಅದು ಸೊಂಟಮೂಳೆಯ ಮುಂದಿನ ಮೂಲೆಯಲ್ಲಿ ಹಾದು ತೊಡೆಗೆ ಇಳಿಯುತ್ತದೆ. ಪಟ್ಟಿಯನ್ನು ಒಂದು ಅಂಗುಲ ಮೇಲಕ್ಕೇರಿಸಿ, ತುಸು ಸಡಿಲಿಸಿ, ಆ ಮೂಲೆಗೆ ಬಕಲ್ ತಾಗದಂತೆ ಮೆತ್ತೆ ಸರಿಸಿ. ಸೀರೆಯ ನೆರಿಗೆ, ಸಲ್ವಾರಿನ ಲಾಡಿಯ ಗಂಟು ಪಟ್ಟಿಯಡಿ ಸಿಕ್ಕರೂ ಇದೇ ಆಗುತ್ತದೆ. ಎದೆಪಟ್ಟಿ ಕಾಲರ್ ಮೂಳೆಯ ತುಸು ಕೆಳಗಿರಲಿ. ಒಳಬಾಗಿದ ಹೆಗಲಪಟ್ಟಿಯ, ಹೆಂಗಸರಿಗೆಂದೇ ಮಾಡಿದ ಚೀಲಗಳು ಈಗ ಸಿಗುತ್ತವೆ.

ನೀವು ಕೇಳದೆ ಬಿಟ್ಟದ್ದೊಂದು ಇದೆ. ದಾರಿಯಲ್ಲಿ ಶೌಚಾಲಯ ಸಿಗದೆಂದು ಹೆಂಗಸರು ನೀರೇ ಕುಡಿಯುವುದಿಲ್ಲ. ಮೂತ್ರದ ಸೋಂಕು, ಬಿಸಿಲಾಘಾತ ಎರಡೂ ಅಲ್ಲಿಂದಲೇ. ಇದು ನಿಮ್ಮ ತಪ್ಪಲ್ಲ, ವ್ಯವಸ್ಥೆ ಮಾಡುವ ಮಂಡಳಿಗಳದು. ಎಷ್ಟು ಗಂಟೆಗೊಮ್ಮೆ, ಎಲ್ಲಿ ನಿಲ್ಲುತ್ತೀರಿ ಎಂದು ಹೊರಡುವ ಮೊದಲೇ ಕೇಳಿ. ಚೀಲದಲ್ಲಿ ಒಂದು ಕಪ್ಪು ದುಪ್ಪಟ್ಟಾ, ಕಾಗದದ ಸೋಪು, ಅರ್ಧ ಲೀಟರಿನ ಪ್ರತ್ಯೇಕ ಬಾಟಲಿ ಇರಲಿ. ಅಭ್ಯಾಸಕ್ಕೆ ವಿರಾರಿನ ಜೀವದಾನಿ ದೇವಸ್ಥಾನದ ಮೆಟ್ಟಿಲು ಒಳ್ಳೆಯದು, ಸಾವಿರಕ್ಕೂ ಮೇಲಿವೆ. ಕಸಾರಾ ಘಾಟಿನ ಏರು ಅಲ್ಲೇ ರೂಢಿಯಾಗುತ್ತದೆ. ಚೀಲ ತುಂಬಿಸಿಯೇ ಹತ್ತಿ.

ಪ್ರಶ್ನೆ: ಪ್ರತಿವರ್ಷ ಶಬರಿಮಲೆಗೆ ಎರುಮೇಲಿಯಿಂದ ಕಾಡುದಾರಿಯಲ್ಲಿ ಹೋಗುತ್ತೇನೆ. ಈಗ ಕುತ್ತಿಗೆ ಸವೆತ ಎಂದಿದ್ದಾರೆ. ಇರುಮುಡಿ ತಲೆಯ ಮೇಲೆ ಹೊರಬಹುದೇ? — ಸಯನ್ ಓದುಗರು

ಉತ್ತರ: ತಲೆಹೊರೆ ಅಷ್ಟು ಕೆಟ್ಟದ್ದಲ್ಲ. ಕೀನ್ಯಾದ ಹೆಂಗಸರು ತಮ್ಮ ತೂಕದ ಐದನೇ ಒಂದು ಭಾಗದವರೆಗೆ ತಲೆಯ ಬಲದಲ್ಲಿ ಹೊತ್ತರೂ ದೇಹಕ್ಕೆ ಹೆಚ್ಚುವರಿ ಆಮ್ಲಜನಕ ಬೇಕಾಗಲಿಲ್ಲ ಎಂದು 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿಯಾಗಿತ್ತು. ಆದರೆ ಅವರಿಗೆ ಅದು ಬಾಲ್ಯದ ರೂಢಿ, ನಮಗೆ ವರ್ಷಕ್ಕೊಮ್ಮೆಯ ವ್ರತ. ಕೈ ಜೋಮು, ಕೈಯಲ್ಲಿ ಬಲಹೀನತೆ, ನಡಿಗೆಯಲ್ಲಿ ತಡವರಿಕೆ ಇದ್ದರೆ ತಲೆಯ ಮೇಲೆ ಬೇಡವೇ ಬೇಡ. ಬರೀ ನೋವಾದರೆ ಹೊರೆ ಹಗುರ ಮಾಡಿ. ಮುಂದಿನ ಗಂಟಿನಲ್ಲಿ ತುಪ್ಪದ ಕಾಯಿ ಮತ್ತು ಕಾಣಿಕೆ, ಹಿಂದಿನದರಲ್ಲಿ ನಿಮ್ಮ ಬುತ್ತಿ ತಾನೆ? ಬುತ್ತಿಯನ್ನು ಸೊಂಟಪಟ್ಟಿಯ ಚೀಲಕ್ಕೆ ವರ್ಗಾಯಿಸಬಹುದೇ ಎಂದು ಗುರುಸ್ವಾಮಿಯವರನ್ನು ಕೇಳಿ. ಕರ್ಪೂರ, ಅಗರಬತ್ತಿ, ಪನ್ನೀರನ್ನು ಇರುಮುಡಿಯಲ್ಲಿ ತರಬೇಡಿ ಎಂದು ತಿರುವಾಂಕೂರು ದೇವಸ್ವಂ ಮಂಡಳಿಯೇ 2024ರಲ್ಲಿ ಹೇಳಿದೆ.

ಪ್ರಶ್ನೆ: ನಾವು ವಿಜಯಪುರ ಕಡೆಯವರು, ಕಲ್ಯಾಣದಲ್ಲಿ ವಾಸ. ಆಷಾಢದಲ್ಲಿ ಆಳಂದಿಯಿಂದ ಪಂಢರಪುರಕ್ಕೆ ವಾರಿ ಹೋಗುತ್ತೇವೆ. ಮಳೆಗೆ ಚೀಲದ ಮೇಲೆ ಕವರ್ ಸಾಕೇ?

ಉತ್ತರ: ಸಾಲದು. ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರಲ್ಲಿ ತುಂಬಿ. ಕಾಲುಚೀಲ ಮೂರು ಜೊತೆ ಇರಲಿ, ಒದ್ದೆಯಾದದ್ದನ್ನು ಹೊರಗೆ ಪಿನ್ ಹಾಕಿ ಒಣಗಿಸುತ್ತ ನಡೆಯಿರಿ; ಬೆರಳ ಸಂದಿಯ ಹುಣ್ಣು ಅರ್ಧ ಕಡಿಮೆಯಾದೀತು. ಕಾಲಿಗೆ ಗಾಯವಿದ್ದು ಕೊಳಕು ನೀರಲ್ಲಿ ನಡೆದಿದ್ದರೆ ಇಲಿಜ್ವರ ತಡೆಗೆ ಡಾಕ್ಸಿಸೈಕ್ಲಿನ್ ಬೇಕೇ ಎಂದು ಮೂರು ದಿನದೊಳಗೆ ವೈದ್ಯರನ್ನು ಕೇಳಿ.

ಪ್ರಶ್ನೆ: ನೋವಿನ ಮಾತ್ರೆ ಒಂದು ಪಟ್ಟಿ ಇಟ್ಟುಕೊಂಡಿದ್ದೇನೆ, ಬಿ.ಪಿ.ಗೆ ಟೆಲ್ಮಿಸಾರ್ಟಾನ್ ಮತ್ತು ನೀರಿಳಿಸುವ ಮಾತ್ರೆ ಸೇರಿದ ಗುಳಿಗೆ ನಡೆಯುತ್ತಿದೆ. ತೊಂದರೆಯೇ? — ಘಾಟ್‌ಕೋಪರ್ ಓದುಗರು

ಉತ್ತರ: ಪಟ್ಟಿಯ ಹೆಸರು ನೋಡಿ. ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಆಗಿದ್ದರೆ ಮನೆಯಲ್ಲೇ ಬಿಡಿ. ನಿಮ್ಮ ಬಿ.ಪಿ. ಗುಳಿಗೆಯ ಜತೆ, ಬೆವರಿ ನೀರು ಕಳೆದುಕೊಂಡ ದೇಹದಲ್ಲಿ, ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಪ್ಯಾರಾಸಿಟಮಾಲ್ 500 ಸಾಕು, ದಿನಕ್ಕೆ ಆರಕ್ಕಿಂತ ಹೆಚ್ಚು ಬೇಡ. ವಾಂತಿ, ಭೇದಿ ಹಿಡಿದರೆ ಬಿ.ಪಿ. ಗುಳಿಗೆಯನ್ನೂ ಆ ದಿನ ನಿಲ್ಲಿಸಬೇಕಾಗಬಹುದು, ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಉಳಿದ ಜಾಗಕ್ಕೆ ಓಆರ್‌ಎಸ್ ಪೊಟ್ಟಣ ಹಾಕಿ. ಒಂದು ಲೀಟರಿನ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು, ಲೋಟಕ್ಕೆ ಸುರಿದು ಕುಡಿಯಬೇಡಿ.