ಮೋರೇರ ಬೆಟ್ಟಕ್ಕೆ ಹೊರಡುವ ಮುನ್ನ

ಗಂಗಾವತಿಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಹಿರೇಬೆಣಕಲ್ ಗ್ರಾಮವನ್ನು ಹಿಂದಿಕ್ಕಿ, ಮುಳ್ಳುಕಂಟಿಗಳ ಹಾಗೂ ಹಾಸುಬಂಡೆಗಳ ನಡುವೆ ಬಳಸಿ ಹೋಗುವ ಕಾಲುದಾರಿಯನ್ನು ಹಿಡಿದು ಏರಿದವರಿಗೆ, ಕ್ರಿಸ್ತಪೂರ್ವ ಕಾಲದ ಜನರು ತಮ್ಮ ಮೃತರ ನೆನಪಿಗಾಗಿ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ, ಈ ಸೀಮೆಯವರು ಮೋರೇರ ಮನೆಗಳೆಂದು ಕರೆಯುವ ಶಿಲಾಸಮಾಧಿಗಳು ಒಮ್ಮೆಗೇ ಕಾಣಿಸಿಕೊಳ್ಳುತ್ತವೆ. ನಾನೂರರಷ್ಟಿರುವ ಈ ನಿರ್ಮಿತಿಗಳು 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದವು. ದೂರದ ಊರುಗಳಿಂದ ಬಂದು ಈ ಬೆಟ್ಟವನ್ನೂ, ಆನೆಗೊಂದಿಯ ಸುತ್ತಣ ಗುಡ್ಡಗಳನ್ನೂ, ಕುಷ್ಟಗಿ ತಾಲ್ಲೂಕಿನ ಕಬ್ಬರಗಿಯ ಬಳಿಯ ಕಪಿಲತೀರ್ಥದ ಕಣಿವೆಯನ್ನೂ ಕಾಲ್ನಡಿಗೆಯಲ್ಲಿ ನೋಡಬಯಸುವವರು ಈಗ ವಿರಳರಲ್ಲ. ಅವರು ಹೊರಡುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಕ್ರಮವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಈ ಗುಡ್ಡಗಳು ಬರಿಯ ಕಲ್ಲಿನ ರಾಶಿಗಳಲ್ಲ. ಒಂದರ ಮೇಲೊಂದು ಒರಗಿ ನಿಂತ ಗುಂಡುಗಳ ಸಂದುಗಳಲ್ಲಿ ಕರಡಿ ಹಗಲು ಮಲಗುತ್ತದೆ. ಅದೇ ಬಂಡೆಗಳ ನೆತ್ತಿಯ ಮೇಲೆ ಚಿರತೆ ಸಂಜೆಯ ಹೊತ್ತಿಗೆ ಮೈಚಾಚುತ್ತದೆ. ಕಡಿದಾದ ಬಂಡೆಯ ಅಡಿಯಲ್ಲಿ ಹೆಜ್ಜೇನು ಹುಟ್ಟು ಕಟ್ಟುತ್ತದೆ. ಬುಡದ ಕಲ್ಲುಪುಡಿಯಲ್ಲಿ ಮಂಡಲದ ಹಾವು ಸುರುಳಿ ಸುತ್ತಿರುತ್ತದೆ. 2020ರಲ್ಲಿ ಆನೆಗೊಂದಿಯ ಸಮೀಪದ ಬೆಟ್ಟದ ದೇವಸ್ಥಾನವೊಂದರಲ್ಲಿ ಅಡುಗೆ ಕೆಲಸದಲ್ಲಿದ್ದ ಯುವಕನೊಬ್ಬ ಚಿರತೆಗೆ ಬಲಿಯಾದ ದಾರುಣ ಸಂಗತಿಯನ್ನು ಈ ಭಾಗದ ಜನ ಮರೆತಿಲ್ಲ. ಆದರೂ ಭಯದಿಂದ ಬೆಟ್ಟವನ್ನೇ ತೊರೆಯಬೇಕಾದ ಕಾರಣವಿಲ್ಲ. ವನ್ಯಮೃಗಗಳಿಂದ ಮನುಷ್ಯನಿಗೆ ಒದಗುವ ಅಪಾಯಗಳಲ್ಲಿ ಬಹುಪಾಲು, ಇಬ್ಬರೂ ನಿರೀಕ್ಷಿಸದ ಸ್ಥಳದಲ್ಲಿ, ಇಬ್ಬರೂ ನಿರೀಕ್ಷಿಸದ ಹೊತ್ತಿನಲ್ಲಿ ಎದುರುಬದುರಾಗುವುದರಿಂದ ಹುಟ್ಟುತ್ತದೆ. ಈ ಅನಿರೀಕ್ಷಿತವನ್ನು ತಪ್ಪಿಸುವುದು ಮೊದಲ ವಿದ್ಯೆ; ತಪ್ಪಿಸಲಾಗದಿದ್ದರೆ ಎದುರಿಗಿರುವ ಪ್ರಾಣಿ ಯಾವುದೆಂದು ಗುರುತಿಸಿ ಅದಕ್ಕೆ ತಕ್ಕಂತೆ ವರ್ತಿಸುವುದು ಎರಡನೆಯದು. ಎರಡನೆಯದನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು: ಒಂದು ಪ್ರಾಣಿಯಿಂದ ನಮ್ಮನ್ನು ಉಳಿಸುವ ನಡತೆಯೇ ಇನ್ನೊಂದರ ಮುಂದೆ ಪ್ರಾಣಕ್ಕೆ ಮುಳುವಾಗಬಹುದು.

ಹೊರಡುವ ಮುನ್ನ

ಮೊಟ್ಟಮೊದಲು ಊರಿನವರನ್ನು ಕೇಳಬೇಕು. ಬೆಟ್ಟದ ಬುಡದಲ್ಲಿ ಕುರಿ ಕಾಯುವವರಿಗೆ, ಹೊಲದ ಬದುವಿನಲ್ಲಿ ರಾತ್ರಿ ಕಾವಲಿರುವವರಿಗೆ, ಯಾವ ಗವಿಯಲ್ಲಿ ಮರಿಹಾಕಿದ ಕರಡಿಯಿದೆ, ಯಾವ ಕಲ್ಲುದೊಣೆಯ ನೀರಿಗೆ ಚಿರತೆ ಬರುತ್ತಿದೆ ಎಂಬುದು ಯಾವ ನಕ್ಷೆಯಲ್ಲಿಯೂ ಸಿಗದಷ್ಟು ಖಚಿತವಾಗಿ ತಿಳಿದಿರುತ್ತದೆ. ಸಾಧ್ಯವಿದ್ದಲ್ಲಿ ಅವರಲ್ಲೊಬ್ಬರನ್ನು, ಅವರ ಒಂದು ದಿನದ ದುಡಿಮೆಗೆ ತಕ್ಕ ಸಂಭಾವನೆಯನ್ನಿತ್ತು, ದಾರಿ ತೋರಲು ಕರೆದೊಯ್ಯುವುದು ಉತ್ತಮ. ಕಾಯ್ದಿಟ್ಟ ಅರಣ್ಯದೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಕೇಳಲು ಹೋದಾಗ ಇತ್ತೀಚೆಗೆ ಮೃಗಗಳು ಕಂಡ ಸ್ಥಳಗಳ ಸುದ್ದಿಯೂ ದೊರೆಯುತ್ತದೆ.

ಎರಡನೆಯದು, ವೇಳೆಯ ನಿಯಮ. ಸೂರ್ಯ ಚೆನ್ನಾಗಿ ಮೇಲೇರಿದ ಬಳಿಕ ಬೆಟ್ಟವನ್ನೇರಿ, ಸೂರ್ಯಾಸ್ತಕ್ಕೆ ಒಂದು ಗಂಟೆಯಾದರೂ ಮುಂಚೆ ಬುಡಕ್ಕೆ ಬಂದಿರಬೇಕು. ಬಂಡೆಯ ಮೇಲಿನಿಂದ ಸೂರ್ಯೋದಯವನ್ನು ನೋಡಬೇಕೆಂಬ ಆಸೆಯಿಂದ ಕತ್ತಲಲ್ಲಿ ಏರುವ ತರುಣರನ್ನು ಕಂಡಾಗಲೆಲ್ಲ ನನ್ನ ಮನಸ್ಸು ತಲ್ಲಣಿಸುತ್ತದೆ. ಏಕೆಂದರೆ ರಾತ್ರಿಯೆಲ್ಲ ಮೇಯ್ದ ಕರಡಿ ಗವಿಗೆ ಮರಳುವುದು ಸರಿಯಾಗಿ ಆ ಹೊತ್ತಿನಲ್ಲಿಯೇ, ಮತ್ತು ಎಷ್ಟೋ ಸಲ ಅದೇ ಕಾಲುದಾರಿಯಲ್ಲಿಯೇ. ಆನೆಗೊಂದಿಯ ಬಳಿಯ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳನ್ನು ನಸುಕಿನಲ್ಲಿ ಏರುವ ಭಕ್ತರು ಕೂಡ ದೀಪವಿಲ್ಲದೆ, ಒಬ್ಬೊಬ್ಬರಾಗಿ, ಮೆಟ್ಟಿಲ ದಾರಿಯನ್ನು ಬಿಟ್ಟು ಹೋಗಕೂಡದು.

ಮೂರನೆಯದು, ಜೊತೆ. ನಾಲ್ಕೈದು ಜನರ ಗುಂಪು ಒಳ್ಳೆಯದು. ಮಕ್ಕಳು ನಡುವೆ ಇರಬೇಕು, ಹಿರಿಯರು ಹಿಂದೆ ಮುಂದೆ. ಕಣಕಾಲನ್ನು ಮುಚ್ಚುವ ಗಟ್ಟಿ ಬೂಟು, ಒಂದು ಕೋಲು, ಬ್ಯಾಟರಿ, ಪ್ರತಿಯೊಬ್ಬರಿಗೂ ಸಾಕಷ್ಟು ನೀರು, ಮೈ ಮುಚ್ಚುವಷ್ಟು ದೊಡ್ಡದಾದ ಒಂದು ದಪ್ಪ ಬಟ್ಟೆ. ಕಂಬಳಿಯಿದ್ದರೆ ಇನ್ನೂ ಒಳ್ಳೆಯದು; ಅದರ ಪ್ರಯೋಜನವನ್ನು ಮುಂದೆ ಹೇಳುತ್ತೇನೆ. ಸಾಕುನಾಯಿಯನ್ನು ಮಾತ್ರ ಕರೆದೊಯ್ಯಬಾರದು: ನಾಯಿ ಚಿರತೆಗೆ ಪ್ರಿಯವಾದ ಆಹಾರ, ಕರಡಿಯನ್ನು ಕೆಣಕಿ ಬಂದ ನಾಯಿಯಂತೂ ಆಶ್ರಯಕ್ಕೆಂದು ಓಡಿ ಬರುವುದು ಯಜಮಾನನ ಕಾಲ ಬಳಿಗೇ. ಬೆಟ್ಟವೇರುವ ಮುನ್ನ ಬುಡದ ಊರಿನಲ್ಲಿ ಒಬ್ಬರಿಗೆ, ನಾವು ಇಷ್ಟು ಜನ, ಈ ದಾರಿಯಾಗಿ, ಇಷ್ಟು ಹೊತ್ತಿಗೆ ಮರಳುತ್ತೇವೆ ಎಂದು ತಿಳಿಸಿರಬೇಕು.

ಕರಡಿಯ ಎದುರಿನಲ್ಲಿ

ಈ ಸೀಮೆಯಲ್ಲಿ ನಡೆಯುವವನು ಎಲ್ಲಕ್ಕಿಂತ ಹೆಚ್ಚಾಗಿ ಅರಿತಿರಬೇಕಾದ ಮೃಗ ಕರಡಿ. ತುಂಗಭದ್ರೆಯ ಆಚೆ ದಂಡೆಯಲ್ಲಿ, ದರೋಜಿಯ ಕುರುಚಲು ಗುಡ್ಡಗಳಲ್ಲಿ, 1994ರಲ್ಲಿ ಇದಕ್ಕಾಗಿಯೇ ಒಂದು ಧಾಮವನ್ನು ಸ್ಥಾಪಿಸಲಾಯಿತು. ಕರಡಿಯನ್ನು ಕಣ್ಣಾರೆ ಕಾಣಬೇಕೆಂಬ ಕುತೂಹಲವುಳ್ಳವರು ಅಲ್ಲಿಯ ವೀಕ್ಷಣಾ ಗೋಪುರದಿಂದ ನೋಡಿ ತೃಪ್ತರಾಗಲಿ, ಮೋರೇರ ಬೆಟ್ಟದ ಗವಿಗಳಲ್ಲಿ ಇಣುಕುವ ಸಾಹಸ ಬೇಡ. ಕರಡಿಯ ಮೂಗು ಅತಿ ಸೂಕ್ಷ್ಮ, ಕಣ್ಣು ಮಂದ. ಹುತ್ತವನ್ನು ಕೆದರಿ, ಮೂತಿಯನ್ನು ಒಳಗಿಟ್ಟು, ಗೆದ್ದಲನ್ನು ಸದ್ದು ಮಾಡುತ್ತ ಹೀರುವುದರಲ್ಲಿ ತಲ್ಲೀನವಾದಾಗ ಹತ್ತಿರ ಬಂದ ಮನುಷ್ಯನ ಅರಿವು ಅದಕ್ಕೆ ಆಗುವುದೇ ಇಲ್ಲ. ಹತ್ತು ಹೆಜ್ಜೆಯ ಅಂತರದಲ್ಲಿ ಅಕಸ್ಮಾತ್ತಾಗಿ ಅರಿವಾದಾಗ ಅದು ಓಡುವುದರ ಬದಲು ಮೇಲೆ ಬೀಳುತ್ತದೆ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯ ವಿಷಯದಲ್ಲಿ ಇದು ಇನ್ನೂ ನಿಶ್ಚಿತ.

ಆದ್ದರಿಂದ ನಡೆಯುವಾಗ ನಮ್ಮ ಬರವನ್ನು ಮುಂದಾಗಿಯೇ ಸಾರುತ್ತ ಹೋಗಬೇಕು. ಮಾತನಾಡುತ್ತ, ತಿರುವಿನ ಮುನ್ನ ಚಪ್ಪಾಳೆ ತಟ್ಟುತ್ತ, ಕೋಲಿನಿಂದ ಕಲ್ಲನ್ನು ಕುಟ್ಟುತ್ತ ನಡೆದರೆ, ಕರಡಿಗೆ ದಾರಿ ಬಿಟ್ಟು ಸರಿಯಲು ಸಮಯ ದೊರೆಯುತ್ತದೆ. ಕಿವಿಗೆ ಹಾಡು ಕೇಳುವ ಯಂತ್ರವನ್ನು ಸಿಕ್ಕಿಸಿಕೊಂಡು ಮೌನವಾಗಿ ನಡೆಯುವುದು ಇಲ್ಲಿ ಅತ್ಯಂತ ಅವಿವೇಕ. (ಬೆಟ್ಟದ ಮೇಲೆ, ಬಡಿದರೆ ನಗಾರಿಯಂತೆ ಬಹುದೂರ ಮೊಳಗುವ ಒಂದು ದೊಡ್ಡ ಗುಂಡು ಇದೆ. ಅದನ್ನು ಈ ಕೆಲಸಕ್ಕೆ ಬಳಸುವ ಆಸೆ ಯಾರಿಗೂ ಬಾರದಿರಲಿ. ಅದು ಪ್ರಾಚೀನರ ಸ್ವತ್ತು, ಹೊಡೆತದಿಂದ ಅದರ ಮೈ ಸವೆಯುತ್ತದೆ.) ಸೀತಾಫಲ ಹಣ್ಣಾಗುವ ಕಾಲದಲ್ಲಿ, ಚಳಿಗಾಲದ ಬಾರೆಹಣ್ಣಿನ ದಿನಗಳಲ್ಲಿ, ಆ ಪೊದೆಗಳ ಬಳಿ ದುಪ್ಪಟ್ಟು ಎಚ್ಚರ ಬೇಕು. ಹೊಸದಾಗಿ ಅಗೆದ ಹುತ್ತ, ಹಣ್ಣಿನ ಬೀಜ ತುಂಬಿದ ಹಿಕ್ಕೆ, ಮರದ ಕಾಂಡದ ಮೇಲಿನ ಉಗುರಿನ ಗೀರು ಕಂಡರೆ ಬಂದ ದಾರಿಯನ್ನೇ ಹಿಡಿದು ಹಿಂದಿರುಗಬೇಕು.

ದೂರದಲ್ಲಿ ಕರಡಿ ಕಂಡು, ಅದಿನ್ನೂ ನಮ್ಮನ್ನು ಗಮನಿಸಿಲ್ಲವಾದರೆ, ಸದ್ದಿಲ್ಲದೆ ಹಿಂದಕ್ಕೆ ಸರಿಯಬೇಕು. ಗಮನಿಸಿದ್ದರೆ, ಓಡದೆ, ಮುಖವನ್ನು ಅದರ ಕಡೆಗೇ ಇಟ್ಟು, ತಗ್ಗಿದ ದನಿಯಲ್ಲಿ ಮಾತನಾಡುತ್ತ, ಒಂದೊಂದೇ ಹೆಜ್ಜೆ ಹಿಂದೆ ಇಡಬೇಕು. ಓಟದಲ್ಲಿ ಅದನ್ನು ಮೀರಿಸುವ ಮನುಷ್ಯನಿಲ್ಲ; ಮರವೇರುವುದೂ ವ್ಯರ್ಥ, ಕರಡಿ ನಮಗಿಂತ ಚೆನ್ನಾಗಿ ಮರ ಹತ್ತುತ್ತದೆ. ಎರಗಿಯೇ ಬಿಟ್ಟರೆ, ಬೋರಲಾಗಿ ನೆಲಕ್ಕೆ ಬಿದ್ದು, ಮುಖವನ್ನು ಮಣ್ಣಿಗೆ ಒತ್ತಿ, ಎರಡೂ ಕೈಗಳ ಬೆರಳುಗಳನ್ನು ಹೆಣೆದು ಕತ್ತಿನ ಹಿಂಭಾಗವನ್ನು ಮುಚ್ಚಿಕೊಂಡು, ಅದು ದೂರ ಹೋಗುವವರೆಗೂ ಅಲುಗಾಡದೆ ಇರಬೇಕು. ಕರಡಿಯ ಉಗುರು ಮೊದಲು ಅರಸುವುದು ಮುಖವನ್ನು. ಕಣ್ಣನ್ನೂ ದವಡೆಯನ್ನೂ ಕಳೆದುಕೊಂಡು ಬದುಕುಳಿದವರ ಸಂಕಟವನ್ನು ನೆನೆದರೆ, ಈ ಒಂದು ಮಾತನ್ನು ಪ್ರತಿಯೊಬ್ಬ ರೈತನಿಗೂ ಪ್ರತಿಯೊಬ್ಬ ಚಾರಣಿಗನಿಗೂ ಮತ್ತೆ ಮತ್ತೆ ಹೇಳಬೇಕೆನಿಸುತ್ತದೆ.

ಚಿರತೆಯಾದರೆ

ಇಲ್ಲಿ ನಿಯಮ ತಲೆಕೆಳಗಾಗುತ್ತದೆ. ಚಿರತೆಯ ಮುಂದೆ ಮಲಗುವುದಿರಲಿ, ಬಗ್ಗುವುದೂ ಕುಳಿತುಕೊಳ್ಳುವುದೂ ಕೂಡದು. ನೆಲಕ್ಕೆ ಹತ್ತಿರವಾದ ಚಿಕ್ಕ ಆಕೃತಿ ಅದಕ್ಕೆ ಆಡಿನಂತೆಯೋ ನಾಯಿಯಂತೆಯೋ ತೋರುತ್ತದೆ. ನೆಟ್ಟಗೆ ನಿಂತು, ಕೈಗಳನ್ನೂ ಕಂಬಳಿಯನ್ನೂ ಮೇಲೆತ್ತಿ ಹಿಡಿದು, ದೊಡ್ಡವರಾಗಿ ಕಾಣಿಸಿಕೊಂಡು, ಗಟ್ಟಿಯಾಗಿ ಗದರಬೇಕು. ಮಗುವಿದ್ದರೆ ಕೂಡಲೇ ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳಬೇಕು. ಬೆನ್ನು ತೋರಿಸದೆ ನಿಧಾನವಾಗಿ ಸರಿದು, ಅದಕ್ಕೆ ತಪ್ಪಿಸಿಕೊಳ್ಳುವ ದಾರಿಯನ್ನು ತೆರೆದಿಡಬೇಕು. ಅದು ಎರಗಿದರೆ, ಕೋಲೋ ಕಲ್ಲೋ ಕೈಗೆ ಸಿಕ್ಕಿದ್ದರಿಂದ ಕತ್ತನ್ನು ಕಾಪಾಡಿಕೊಳ್ಳುತ್ತ ಹೋರಾಡುವುದೇ ಸರಿ. ಕಬ್ಬಿನ ಗದ್ದೆಯಲ್ಲೋ ಬಂಡೆಯ ಸಂದಿನಲ್ಲೋ ಒಂಟಿಯಾಗಿ ಕಂಡ ಮರಿಗಳನ್ನು ಅನಾಥವೆಂದು ಭಾವಿಸಿ ಎತ್ತಿಕೊಳ್ಳಬಾರದು. ತಾಯಿ ಹತ್ತಿರದಲ್ಲಿಯೇ ಇರುತ್ತಾಳೆ.

ಹೆಜ್ಜೇನು, ಹಾವು

ಹೆಜ್ಜೇನನ್ನು ಯಾರೂ ಕಾಡುಮೃಗಗಳ ಸಾಲಿನಲ್ಲಿ ಎಣಿಸುವುದಿಲ್ಲ. ಆದರೆ ಬಂಡೆಗಳ ಈ ನಾಡಿನಲ್ಲಿ ಅದನ್ನು ಮರೆಯುವುದು ತಪ್ಪು. ಹುಟ್ಟಿನ ಕೆಳಗೆ ಹೊಗೆ ಹಾಕುವುದು, ಕಲ್ಲೆಸೆಯುವುದು, ಡ್ರೋನ್ ಹಾರಿಸುವುದು, ಮೈಗೆ ಗಾಢವಾದ ಸುಗಂಧವನ್ನು ಪೂಸಿಕೊಂಡು ಹತ್ತಿರ ಹೋಗುವುದು, ಇವೆಲ್ಲವೂ ಅನರ್ಥಕ್ಕೆ ಆಹ್ವಾನ. ಹುಳುಗಳು ಎದ್ದರೆ, ನಿಲ್ಲುವುದೂ ಅಲ್ಲ, ಮಲಗುವುದೂ ಅಲ್ಲ, ಓಡಬೇಕು: ತಲೆ ಮುಖಗಳನ್ನು ಕಂಬಳಿಯಿಂದ ಮುಚ್ಚಿ, ಕಾಲಡಿಯ ದಾರಿ ಕಾಣುವಷ್ಟು ಮಾತ್ರ ತೆರೆದು, ಕೈ ಬೀಸದೆ, ಕಟ್ಟಡವೋ ವಾಹನವೋ ಸಿಗುವವರೆಗೆ ಓಡಬೇಕು. ಬಳಿಕ ಚರ್ಮದಲ್ಲಿ ಉಳಿದ ಮುಳ್ಳುಗಳನ್ನು ತಡಮಾಡದೆ ಕೆರೆದು ತೆಗೆಯಬೇಕು. ಹತ್ತಾರು ಕಡೆ ಕಚ್ಚಿದ್ದರೆ, ಉಸಿರು ಕಟ್ಟಿದರೆ, ತುಟಿ ನಾಲಗೆಗಳು ಊದಿದರೆ, ಆಸ್ಪತ್ರೆಗೆ ಧಾವಿಸಬೇಕು.

ಹಾವಿನ ವಿಷಯದಲ್ಲಿ ಕೈ ಕಾಲುಗಳ ಶಿಸ್ತೇ ಮುಖ್ಯ. ಕಣ್ಣಿಗೆ ಕಾಣದ ಜಾಗದಲ್ಲಿ ಕೈಯಿಡಬಾರದು. ಬಂಡೆಯನ್ನು ದಾಟುವಾಗ ಮೊದಲು ಅದರ ಮೇಲೆ ನಿಂತು, ಆಚೆ ಬದಿಯನ್ನು ನೋಡಿ, ಆಮೇಲೆ ಇಳಿಯಬೇಕು. ರಾತ್ರಿ ಹಾಸುಬಂಡೆಯ ಮೇಲೆ ಬರಿಯ ಹಾಸಿಗೆಯಲ್ಲಿ ಮಲಗಬಾರದು, ಏಕೆಂದರೆ ಕಟ್ಟುಹಾವಿನ ಕಡಿತ ಎಷ್ಟೋ ವೇಳೆ ನೋವನ್ನೇ ಉಂಟುಮಾಡುವುದಿಲ್ಲ. ಕಚ್ಚಿದಾಗ, ಕಚ್ಚಿಸಿಕೊಂಡವರನ್ನು ನಡೆಯಿಸದೆ, ಉಂಗುರ ಬಳೆಗಳನ್ನು ಬಿಚ್ಚಿ, ಮುರಿದ ಮೂಳೆಗೆ ಕಟ್ಟುವಂತೆ ಆ ಅಂಗಕ್ಕೆ ಕೋಲನ್ನು ಕಟ್ಟಿ, ಎರಡು ಗಳಗಳ ನಡುವೆ ಕಂಬಳಿಯನ್ನು ಬಿಗಿದು ಅದರಲ್ಲಿ ಹೊತ್ತು ಇಳಿಸಬೇಕು. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯುವುದು, ನಾಟಿ ಔಷಧಕ್ಕಾಗಿ ಅಲೆಯುವುದು, ಇವುಗಳಲ್ಲಿ ಕಳೆದುಹೋಗುವ ಒಂದೊಂದು ನಿಮಿಷವೂ ಆಯುಷ್ಯದಿಂದ ಕಳೆದುಹೋದಂತೆ. ಹಾವನ್ನು ಕೊಂದು ತರಬೇಕಾಗಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಒಂದೇ. ಗಂಗಾವತಿಯ ಹಾಗೂ ಕೊಪ್ಪಳದ ಸರ್ಕಾರಿ ಆಸ್ಪತ್ರೆಗಳನ್ನು ತಲಪುವ ದಾರಿಯನ್ನು ಹೊರಡುವ ಮುನ್ನವೇ ತಿಳಿದುಕೊಂಡಿರಬೇಕು.

ಬಯಲಿನಲ್ಲಿ, ನೀರಿನ ಬಳಿ

ಕುಷ್ಟಗಿ ಯಲಬುರ್ಗಾಗಳ ಕಡೆಗೆ ಹೋದಂತೆ ಗುಡ್ಡ ತಗ್ಗಿ ಬಯಲು ಹಿಗ್ಗುತ್ತದೆ; ಚಿಗರಿಯ ಹಿಂಡು ಕಾಣುವ ಆ ಬಯಲಿನ ಬೇಟೆಗಾರ ತೋಳ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಬಳಿ ಸುಮಾರು 332 ಹೆಕ್ಟೇರ್ ಪ್ರದೇಶ ತೋಳಗಳಿಗಾಗಿಯೇ ವನ್ಯಜೀವಿಧಾಮವಾಗಿದೆ. ಆರೋಗ್ಯವಂತ ತೋಳ ಮನುಷ್ಯನನ್ನು ಕಂಡರೆ ಸರಿದು ಹೋಗುತ್ತದೆ. ಹಾಗೆ ಸರಿಯದೆ, ಜೊಲ್ಲು ಸುರಿಸುತ್ತ, ಹಗಲಿನಲ್ಲೇ ನೇರವಾಗಿ ಮೇಲೆ ಬರುವ ತೋಳವಾಗಲಿ ನರಿಯಾಗಲಿ ಹುಚ್ಚು ಹಿಡಿದದ್ದೆಂದು ಭಾವಿಸಿ, ಕೋಲು ಕಲ್ಲುಗಳಿಂದ ತಡೆಯುತ್ತ ಎತ್ತರದ ಜಾಗಕ್ಕೆ ಹೋಗಬೇಕು. ಅಂಜನಾದ್ರಿಯ ಮಂಗಗಳ ಮುಂದೆ ತಿಂಡಿಯ ಚೀಲವನ್ನು ಬಿಚ್ಚದಿದ್ದರೆ ಸಾಕು, ಕಸಿದುಕೊಂಡರೆ ಬಿಟ್ಟುಬಿಡಿ. ಯಾವ ಪ್ರಾಣಿಯೇ ಕಚ್ಚಲಿ, ಪರಚಲಿ, ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆಯನ್ನು ಆರಂಭಿಸಬೇಕು. ಒಮ್ಮೆ ರೋಗಲಕ್ಷಣ ಕಾಣಿಸಿಕೊಂಡ ಬಳಿಕ ಅದಕ್ಕೆ ಮದ್ದಿಲ್ಲ.

ತುಂಗಭದ್ರೆಯಲ್ಲಿ ಮೊಸಳೆಗಳಿವೆ. ಹಗಲಿನಲ್ಲಿ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿದ ಮೊಸಳೆಯನ್ನು ಬಂಡೆಯೆಂದೇ ತಿಳಿದವರುಂಟು. ಹರಿಗೋಲು ನಡೆಸುವವರು ಬೇಡವೆಂದ ಕಡೆ ನೀರಿಗಿಳಿಯಬಾರದು. ಸಂಜೆಯ ಮೇಲೆ ನದಿಯಂಚಿನಲ್ಲಿ ಕುಳಿತು ಕೈಕಾಲು ತೊಳೆಯುವುದನ್ನೂ ಬಿಡಬೇಕು.

ಅಪಾಯ ಒದಗಿದಲ್ಲಿ ಆಂಬ್ಯುಲೆನ್ಸಿಗೆ 108, ಅರಣ್ಯ ಇಲಾಖೆಗೆ 1926, ಪೊಲೀಸರಿಗೆ 112. ಬೆಟ್ಟದ ಸಂದುಗಳಲ್ಲಿ ಮೊಬೈಲ್ ಸಂಪರ್ಕ ತಪ್ಪಿಹೋಗಬಹುದಾದ್ದರಿಂದ, ಬುಡದಲ್ಲಿ ಹೇಳಿ ಬಂದ ಆ ಒಬ್ಬರೇ ನಮಗೆ ಹೊರಜಗತ್ತಿನ ಕೊಂಡಿ. ಸುಖವಾಗಿ ಇಳಿದ ಬಳಿಕ ಬಸ್ಸಿನ ಅವಸರದಲ್ಲಿ ಅವರನ್ನು ಮರೆತು ಹೊರಟುಬಿಡಬಾರದು. ಮನೆಯ ಬಾಗಿಲಿಗೆ ಹೋಗಿ, ಎಲ್ಲರೂ ಇಳಿದು ಬಂದೆವೆಂದು ತಿಳಿಸಿ, ದಾರಿಯಲ್ಲಿ ಕಂಡ ಹುತ್ತದ ಅಗೆತ, ಹೆಜ್ಜೆಗುರುತು, ಹೊಸ ಹೆಜ್ಜೇನಿನ ಹುಟ್ಟುಗಳ ಜಾಗವನ್ನು ಅವರಿಗೆ ಹೇಳಿ ಹೋಗಿ. ನಾಳೆ ಬೆಳಗ್ಗೆ ಅದೇ ದಾರಿಯಲ್ಲಿ ಅವರು ಕುರಿ ಹೊಡೆದುಕೊಂಡು ಹೋಗಬೇಕಾಗಿರುತ್ತದೆ.