ಜಕಾರ್ತ: ತಗ್ಗುತ್ತಿರುವ ನೆಲದ ಮೇಲಿನ ಬಂದರು

ಭೂಪಟವನ್ನು ಬಿಚ್ಚಿ, ಭಾರತದ ದಕ್ಷಿಣ ತುದಿಯಿಂದ ಆಗ್ನೇಯ ದಿಕ್ಕಿಗೆ ಬೆರಳನ್ನು ಸರಿಸಿದರೆ ಸುಮಾತ್ರ ದ್ವೀಪವೂ ಅದನ್ನು ದಾಟಿದೊಡನೆ ಜಾವಾ ದ್ವೀಪವೂ ಸಿಕ್ಕುತ್ತವೆ. ಜಾವಾದ ವಾಯವ್ಯ ತೀರದಲ್ಲಿ, ಸಮಭಾಜಕವೃತ್ತಕ್ಕೆ ಕೇವಲ 6 ಡಿಗ್ರಿ ದಕ್ಷಿಣದಲ್ಲಿ, ಜಕಾರ್ತ ನಗರವಿದೆ. 2020ರ ಜನಗಣತಿಯಂತೆ ನಗರದ ಎಲ್ಲೆಯೊಳಗೇ ಸುಮಾರು 1 ಕೋಟಿ 5 ಲಕ್ಷ ಜನರಿದ್ದರು. ಸುತ್ತಣ ಊರುಗಳನ್ನೂ ಕೂಡಿಸಿದರೆ ಈ ಜನಸಮುದಾಯವು 3 ಕೋಟಿಯನ್ನು ಮೀರುತ್ತದೆ. ಇಂಡೊನೇಷ್ಯದ ಅತಿ ದೊಡ್ಡ ಬಂದರಾದ ತಂಜುಂಗ್ ಪ್ರಿಯೊಕ್ ಇರುವುದೂ ಈ ನಗರದಲ್ಲಿಯೇ.

ಈ ನಗರವನ್ನು ನಾವು ಪ್ರವಾಸಿಗಳಂತೆ ಒಮ್ಮೆ ಸುತ್ತಿ ನೋಡೋಣ. ಜಗತ್ತಿನ ಎಲ್ಲ ಬಂದರುಗಳಲ್ಲಿಯೂ ಹಡಗು, ಸಂತೆ, ಉಗ್ರಾಣಗಳನ್ನು ಕಾಣಬಹುದು. ಜಕಾರ್ತದಲ್ಲಿ ಅವುಗಳ ಜೊತೆಗೆ ಇನ್ನೊಂದು ಸಂಗತಿಯೂ ಕಾಣುತ್ತದೆ: ಅಲ್ಲಿ ಕಾಲ ಕೆಳಗಿನ ನೆಲವೇ ವರ್ಷದಿಂದ ವರ್ಷಕ್ಕೆ ತಗ್ಗುತ್ತಿದೆ. ಇದರ ಗುರುತುಗಳನ್ನು ಬರಿಗಣ್ಣಿನಿಂದಲೇ ಓದಬಹುದು. ಇದರ ಕಾರಣವನ್ನು ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನದಿಂದಲೇ ತಿಳಿಯಬಹುದು.

ಮೊದಲು ಹೋಗತಕ್ಕ ಕಾಲವನ್ನು ಗೊತ್ತುಮಾಡಿಕೊಳ್ಳಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಮಲೆನಾಡಿನಲ್ಲಿ ಮಳೆ ಸುರಿಯುತ್ತಿರುವಾಗ ಜಕಾರ್ತದಲ್ಲಿ ಒಣಹವೆ. ಸಮಭಾಜಕವೃತ್ತದ ಆಚೆಗಿರುವ ಆ ನಾಡಿಗೆ ಮುಖ್ಯವಾಗಿ ಮಳೆಯನ್ನು ತರುವುದು ವಾಯವ್ಯ ಮಾರುತ. ಅದರ ಬಿರುಸು ಜನವರಿ ಮತ್ತು ಫೆಬ್ರವರಿ ತಿಂಗಳುಗಳಲ್ಲಿ ಹೆಚ್ಚು. ಆದುದರಿಂದ ನಡೆದು ನೋಡಬಯಸುವವನಿಗೆ ಒಣಹವೆಯ ತಿಂಗಳುಗಳೂ ಬೆಳಗಿನ ವೇಳೆಯೂ ಅನುಕೂಲ.

ಕಾಲುವೆಯ ಕಥೆಯನ್ನು ಹೇಳುವ ಕಲ್ಲು

ನಮ್ಮ ನಡಿಗೆಯನ್ನು ನಗರಮಧ್ಯದ ರಾಷ್ಟ್ರೀಯ ವಸ್ತುಸಂಗ್ರಹಾಲಯದಿಂದ ಆರಂಭಿಸುವುದು ಲೇಸು. ಅದರ ಮುಂದೆ ಸಯಾಮಿನ ಅರಸನಾದ ಚುಲಲೊಂಗ್‌ಕೊರ್ನನು 1871ರಲ್ಲಿ ಕಾಣಿಕೆಯಿತ್ತ ಕಂಚಿನ ಆನೆಯೊಂದಿದೆ. ಆದರೆ ನಮಗೆ ಮುಖ್ಯವಾದುದು ಸಂಗ್ರಹಾಲಯಕ್ಕೆ ಸೇರಿದ, ಅಂಡಾಕಾರದ ಒಂದು ಶಿಲೆ. ನಗರದ ಉತ್ತರ ಭಾಗದ ತುಗು ಎಂಬಲ್ಲಿ ದೊರೆತುದರಿಂದ ಅದಕ್ಕೆ ತುಗು ಶಾಸನವೆಂದು ಹೆಸರು. ಪಲ್ಲವ ಲಿಪಿಯಲ್ಲಿ, ಸಂಸ್ಕೃತ ಭಾಷೆಯಲ್ಲಿ, ಕ್ರಿ. ಶ. 5ನೆಯ ಶತಮಾನದಲ್ಲಿ ಕೆತ್ತಿದುದು. ಎಂದರೆ ನಮ್ಮ ಹಲ್ಮಿಡಿ ಶಾಸನದ ಹೆಚ್ಚುಕಡಿಮೆ ಸಮಕಾಲೀನವಾದುದು.

ತಾರುಮಾ ರಾಜ್ಯದ ಅರಸನಾದ ಪೂರ್ಣವರ್ಮನು ತನ್ನ ಆಳ್ವಿಕೆಯ 22ನೆಯ ವರ್ಷದಲ್ಲಿ ಗೋಮತಿಯೆಂಬ ಕಾಲುವೆಯನ್ನು ತೋಡಿಸಿದನೆಂದು ಈ ಶಾಸನವು ತಿಳಿಸುತ್ತದೆ. ಅದಕ್ಕೂ ಹಿಂದೆ ತೋಡಿಸಿದ ಚಂದ್ರಭಾಗೆಯ ಹೆಸರೂ ಅಲ್ಲಿದೆ. ಗೋಮತಿಯ ಉದ್ದ 6122 ಧನುಸ್ಸುಗಳು. ಧನುಸ್ಸಿಗೆ ನಾಲ್ಕು ಮೊಳವೆಂದು ಹಿಡಿದರೆ ಇದು ಸುಮಾರು 11 ಕಿಲೋಮೀಟರ್ ಆಗುತ್ತದೆ. ಕೆಲಸವು ಫಾಲ್ಗುಣ ಕೃಷ್ಣ ಅಷ್ಟಮಿಯಂದು ಮೊದಲಾಗಿ, ಚೈತ್ರ ಶುಕ್ಲ ತ್ರಯೋದಶಿಯಂದು, 21 ದಿನಗಳಲ್ಲಿ ಮುಗಿಯಿತಂತೆ. ನಮ್ಮ ಪಂಚಾಂಗದಂತೆ ಅಷ್ಟಮಿಯಿಂದ ಅಮಾವಾಸ್ಯೆಗೆ 8 ತಿಥಿಗಳು, ಅಲ್ಲಿಂದ ತ್ರಯೋದಶಿಗೆ 13, ಲೆಕ್ಕವು ಸರಿಹೋಗುತ್ತದೆಯಷ್ಟೆ.

ಈ ಶಾಸನದಿಂದ ತಿಳಿಯುವುದೇನು? ಈ ಬಯಲಿನಲ್ಲಿ ನೆಲೆಸಬೇಕೆಂದವನು ಹದಿನೈದು ಶತಮಾನಗಳಿಗೂ ಹಿಂದೆಯೇ ನೀರಿಗೆ ದಾರಿ ಮಾಡಿಕೊಡಬೇಕಾಗಿತ್ತು. ದಕ್ಷಿಣದ ಬೆಟ್ಟಸಾಲುಗಳಿಂದ ಹದಿಮೂರು ನದಿಗಳು ಈ ಬಯಲಿಗೆ ಇಳಿದುಬಂದು ಜಾವಾ ಸಮುದ್ರವನ್ನು ಸೇರುತ್ತವೆ. ಅವುಗಳಲ್ಲಿ ಹೆಸರಾದುದು ಚಿಲಿವುಂಗ್. ಇಲ್ಲಿನ ನದಿಗಳ ಹೆಸರಿನ ಮೊದಲಿಗೆ ಬರುವ ‘ಚಿ’ ಎಂಬ ಸುಂದ ಭಾಷೆಯ ಅಕ್ಷರಕ್ಕೆ ನೀರು ಎಂದೇ ಅರ್ಥ.

ಹಳೆಯ ಊರು, ಹಳೆಯ ರೇವು

ವಸ್ತುಸಂಗ್ರಹಾಲಯದಿಂದ ಉತ್ತರಕ್ಕೆ ಹೋಗುವ ಬಸ್ಸನ್ನು ಹಿಡಿದರೆ ಕೋತ ಎಂಬ ಹಳೆಯ ಊರನ್ನು ಸೇರಬಹುದು. ‘ಕೋತ’ ಎಂದರೆ ನಗರ. ನಮ್ಮ ‘ಕೋಟೆ’ಯ ಬಂಧುವಾದ ಪದವಿದು. ಇಲ್ಲಿದ್ದ ಸುಂದ ಕೆಲಾಪವೆಂಬ ರೇವುಪಟ್ಟಣವನ್ನು 1527ರಲ್ಲಿ ಫತಾಹಿಲ್ಲಾ ಎಂಬ ದಳಪತಿಯು ಗೆದ್ದಮೇಲೆ ಅದಕ್ಕೆ ಜಯಕರ್ತ ಎಂಬ ಹೆಸರಾಯಿತು. 1619ರಲ್ಲಿ ಡಚ್ಚರು ಅದನ್ನು ನಾಶಗೊಳಿಸಿ, ತಮ್ಮ ನಾಡಿನ ಮಾದರಿಯಲ್ಲಿ ಕಾಲುವೆಗಳಿಂದ ಕೂಡಿದ ಬಟಾವಿಯ ನಗರವನ್ನು ಕಟ್ಟಿದರು. 1942ರಲ್ಲಿ ಜಪಾನೀಯರ ಕಾಲದಲ್ಲಿ ಹಳೆಯ ಹೆಸರು ಜಕಾರ್ತವಾಗಿ ಮರಳಿ ಬಂದಿತು. 1710ರಲ್ಲಿ ಪೂರ್ಣಗೊಂಡ ಡಚ್ಚರ ಪುರಭವನವು ಇಂದಿಗೂ ಇಲ್ಲಿನ ವಿಶಾಲವಾದ ಚೌಕದಲ್ಲಿ ನಿಂತಿದೆ.

ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರ ನಡೆದರೆ ಸುಂದ ಕೆಲಾಪದ ಹಳೆಯ ರೇವು. ಎತ್ತರವಾದ ಮೂತಿಯ ಮರದ ಹಡಗುಗಳು ಸಾಲಾಗಿ ನಿಂತಿರುವುದು ಇಲ್ಲಿನ ಸೊಗಸಾದ ನೋಟ. ಇವು ದಕ್ಷಿಣ ಸುಲಾವೆಸಿಯ ಪಿನಿಸಿ ಪರಂಪರೆಗೆ ಸೇರಿದವು. ಆ ನೌಕಾನಿರ್ಮಾಣ ಕಲೆಯನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಮೀಪದಲ್ಲಿಯೇ 1839ರಲ್ಲಿ ಕಟ್ಟಿದ ಶಾಬಂದರ್ ಗೋಪುರವಿದೆ. ಶಾಬಂದರನೆಂದರೆ ಬಂದರಿನ ಅಧಿಕಾರಿ. ನಮ್ಮ ‘ಬಂದರು’ ಮತ್ತು ಅವರ ‘ಬಂದರ್’ ಎರಡೂ ಪಾರಸಿ ಮೂಲದವು. ಗೋಪುರವನ್ನು ಗಮನಿಸಿ ನೋಡಿದರೆ ಅದು ನೆಟ್ಟಗಿಲ್ಲ, ಒಂದು ಕಡೆಗೆ ವಾಲಿದೆ. ಇಲ್ಲಿನ ನೆಲವು ಗಟ್ಟಿಯಾದುದಲ್ಲವೆಂಬುದಕ್ಕೆ ನಮಗೆ ಸಿಕ್ಕುವ ಮೊದಲನೆಯ ಗುರುತು ಇದು.

ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. ಡಚ್ಚರ ಕೋಟೆಯು ಕಟ್ಟಿದಾಗ ಕಡಲಂಚಿನಲ್ಲಿತ್ತು. ಆದರೆ ನದಿಗಳು ಬೆಟ್ಟಗಳಿಂದ ಮೆಕ್ಕಲುಮಣ್ಣನ್ನು ತಂದು ಸುರಿಯುತ್ತಲೇ ಇದ್ದುದರಿಂದ ದಡವು ಮುಂದೆ ಬೆಳೆದು, ಸಮುದ್ರವು ಹಿಂದೆ ಸರಿಯಿತು. ಕಾಲುವೆಗಳು ಹೂಳಿನಿಂದ ತುಂಬಿದವು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಬರತೊಡಗಿದ ದೊಡ್ಡ ಉಗಿಹಡಗುಗಳಿಗೆ ಹಳೆಯ ರೇವು ಸಾಲದಾಯಿತು. 1877ರಲ್ಲಿ ತಂಜುಂಗ್ ಪ್ರಿಯೊಕ್ ಬಂದರಿನ ಕೆಲಸ ಆರಂಭವಾದುದು ಈ ಕಾರಣದಿಂದ. ಅಂದು ನೆಲವು ಸಮುದ್ರವನ್ನು ಹಿಂದಕ್ಕೆ ನೂಕುತ್ತಿತ್ತು. ಇಂದು ಅದೇ ಎಳೆಯ, ಮೆತ್ತನೆಯ ನೆಲವು ಸಮುದ್ರಕ್ಕೆ ದಾರಿಗೊಡುತ್ತಿದೆ.

ಗೋಡೆಯ ಆಚೆ ಕಡಲು, ಈಚೆ ಬೀದಿ

ರೇವಿನಿಂದ ಪಶ್ಚಿಮಕ್ಕೆ ಸಾಗಿದರೆ ಬೆಸ್ತರೂ ಕೂಲಿಕಾರರೂ ವಾಸಿಸುವ ಮುವಾರ ಬಾರು ಎಂಬ ಬಡಾವಣೆಯನ್ನು ತಲಪುತ್ತೇವೆ. ಇಲ್ಲಿ ಸಮುದ್ರವನ್ನು ತಡೆಯಲು ಕಾಂಕ್ರೀಟಿನ ಗೋಡೆಯಿದೆ. ಗೋಡೆಯನ್ನು ಹತ್ತಿ ನೋಡುವವನಿಗೆ ವಿಲಕ್ಷಣವಾದ ದೃಶ್ಯವೊಂದು ಕಾಣುತ್ತದೆ: ಒಂದು ಕಡೆ ತೇಲುತ್ತಿರುವ ದೋಣಿಗಳು; ಇನ್ನೊಂದು ಕಡೆ, ಅವುಗಳಿಗಿಂತ ಕೆಳಗೆ, ಜನರು ಓಡಾಡುವ ಬೀದಿ. ಗೋಡೆಯ ಹೊರಗೆ ಉಳಿದುಹೋದ ಮಸೀದಿಯೊಂದು ಕಡಲ ನೀರಿನಲ್ಲಿ ನಿಂತಿದೆ. ಒಂದು ಕಾಲಕ್ಕೆ ಅಲ್ಲಿ ಜನರು ಒಣನೆಲದಲ್ಲಿ ನಡೆದುಹೋಗಿ ಪ್ರಾರ್ಥನೆ ಮಾಡುತ್ತಿದ್ದರು.

ಮನೆಗಳ ಬಾಗಿಲುಗಳನ್ನು ನೋಡಿರಿ. ಅನೇಕ ಬಾಗಿಲುಗಳು ಕುಳ್ಳಾಗಿವೆ, ಕೆಲವು ಕಿಟಕಿಗಳು ಮೊಣಕಾಲಿನ ಎತ್ತರದಲ್ಲಿವೆ. ಕಟ್ಟಿದವನು ಅಳತೆ ತಪ್ಪಿದುದರಿಂದಲ್ಲ. ನೀರು ನುಗ್ಗಿದಾಗಲೆಲ್ಲ ಬೀದಿಗೂ ಮನೆಯ ನೆಲಕ್ಕೂ ಮಣ್ಣು ತುಂಬಿ ಎತ್ತರಿಸಿದುದರಿಂದ ಬಾಗಿಲು ಗಿಡ್ಡವಾಯಿತು. ದುಡಿದು ಉಳಿಸಿದ ಹಣವನ್ನು ನೆಲಕ್ಕೆ ಸುರಿದು, ಕೆಲವು ವರ್ಷಗಳಾದ ಮೇಲೆ ಮತ್ತೆ ಅದನ್ನೇ ಮಾಡಬೇಕಾದ ಸಂಸಾರದ ಕಷ್ಟವನ್ನು ಓದುಗರು ಊಹಿಸಿಕೊಳ್ಳಬಹುದು.

ಜಕಾರ್ತ ಕೊಲ್ಲಿಯಲ್ಲಿ ದಿನಕ್ಕೆ ಪ್ರಧಾನವಾಗಿ ಒಂದೇ ಉಬ್ಬರ, ಒಂದೇ ಇಳಿತ. ನೀರಿನ ಏರಿಳಿತವು ಸುಮಾರು ಒಂದು ಮೀಟರ್ ಮಾತ್ರ. ಹಾಗಿದ್ದರೂ 2007ರ ನವೆಂಬರಿನಲ್ಲಿ ಉಬ್ಬರದ ನೀರು ಇಲ್ಲಿನ ತಡೆಗೋಡೆಯನ್ನು ಮೀರಿ ಒಳಗೆ ನುಗ್ಗಿತು. ಕಡಲಿನಿಂದ ಬರುವ ಇಂತಹ ನೆರೆಯನ್ನು ಅಲ್ಲಿನವರು ‘ರೋಬ್’ ಎನ್ನುತ್ತಾರೆ.

ನೆಲವು ಸಮುದ್ರಮಟ್ಟಕ್ಕಿಂತ ಕೆಳಗಿಳಿದುದರ ಇನ್ನೊಂದು ಫಲವೂ ಉಂಟು. ನದಿಯ ನೀರು ತಾನಾಗಿ ಕಡಲಿಗೆ ಹರಿಯಲಾರದು. ಅದನ್ನು ಪಂಪುಗಳಿಂದ ಎತ್ತಿ ಹಾಕಬೇಕು. ಸಮೀಪದ ಪ್ಲುಯಿತ್ ಕೆರೆಯ ಪಂಪುಗಳು ಈ ಕೆಲಸಕ್ಕಾಗಿಯೇ ಇವೆ. 2013ರ ಜನವರಿಯ ನೆರೆಯಲ್ಲಿ ಆ ಪಂಪುಗಳೇ ನೀರಿನಲ್ಲಿ ಮುಳುಗಿ ನಿಂತುಹೋದಾಗ ಸುತ್ತಲಿನ ಬಡಾವಣೆಗಳು ಜಲಾವೃತವಾದವು.

ನೆಲವು ತಗ್ಗುವುದೇಕೆ?

ಪ್ರಪಂಚದ ಸಮುದ್ರಮಟ್ಟವು ಏರುತ್ತಿರುವುದು ನಿಜ. ಆದರೆ 1993ರಿಂದೀಚಿನ ಅಳತೆಗಳಂತೆ ಆ ಏರಿಕೆಯ ಸರಾಸರಿ ವರ್ಷಕ್ಕೆ 3ರಿಂದ 4 ಮಿಲಿಮೀಟರ್. ಜಕಾರ್ತದ ನೆಲವಾದರೋ, ಬಾಂಡುಂಗಿನ ತಾಂತ್ರಿಕ ವಿದ್ಯಾಸಂಸ್ಥೆಯ ಭೂಮಾಪಕರು 1982ರಿಂದ 2010ರವರೆಗೆ ನಡೆಸಿದ ಅಳತೆಗಳಂತೆ, ಬೇರೆ ಬೇರೆ ಸ್ಥಳಗಳಲ್ಲಿ ವರ್ಷಕ್ಕೆ 1ರಿಂದ 15 ಸೆಂಟಿಮೀಟರುಗಳಷ್ಟು ತಗ್ಗಿತು. ಕೆಲವೆಡೆ ಇದಕ್ಕೂ ಹೆಚ್ಚು. ಒಂದು ಸ್ಥಳದಲ್ಲಿ ನೆಲವು ವರ್ಷಕ್ಕೆ 10 ಸೆಂಟಿಮೀಟರ್ ತಗ್ಗಿದರೆ, ಅದು ಸಮುದ್ರದ ಏರಿಕೆಯ ಸುಮಾರು ಮೂವತ್ತು ಪಟ್ಟಾಯಿತು. ಸಮುದ್ರವು ಜಕಾರ್ತವನ್ನು ಏರಿ ಬರುತ್ತಿರುವುದಕ್ಕಿಂತ ಹೆಚ್ಚಾಗಿ ಜಕಾರ್ತವೇ ಸಮುದ್ರಕ್ಕೆ ಇಳಿಯುತ್ತಿದೆ.

ಇದರ ಕಾರಣವನ್ನು ತಿಳಿಯಲು ಒಂದು ಮಾದರಿಯನ್ನು ಕಲ್ಪಿಸಿಕೊಳ್ಳೋಣ. ಒಂದು ಕೊಳವೆಯ ತಳದಲ್ಲಿ ಸ್ಪ್ರಿಂಗನ್ನಿಟ್ಟು, ನೀರು ತುಂಬಿ, ಮೇಲೆ ಬಿಗಿಯಾದ ಪಿಸ್ಟನ್ನನ್ನು ಕೂರಿಸಿ, ಅದರ ಮೇಲೆ ಒಂದು ತೂಕವನ್ನು ಹೇರಿರಿ. ನೀರು ಹೊರಹೋಗದಂತಿದ್ದರೆ ಪಿಸ್ಟನ್ ಇಳಿಯುವುದಿಲ್ಲ. ಭಾರವನ್ನು ನೀರೇ ಹೊರುತ್ತದೆ. ಈಗ ಪಿಸ್ಟನ್ನಿನಲ್ಲಿ ಸಣ್ಣ ರಂಧ್ರವೊಂದನ್ನು ಮಾಡಿದರೆ ನೀರು ಮೆಲ್ಲಮೆಲ್ಲನೆ ಜಿನುಗಿಹೋಗಿ, ಭಾರವು ಸ್ಪ್ರಿಂಗಿನ ಮೇಲೆ ಬೀಳುತ್ತದೆ. ಸ್ಪ್ರಿಂಗು ಕುಗ್ಗಿ ಪಿಸ್ಟನ್ ಕೆಳಗಿಳಿಯುತ್ತದೆ. ಮಣ್ಣಿನ ಕಣಗಳು ಸ್ಪ್ರಿಂಗಿದ್ದಂತೆ. ಅವುಗಳ ನಡುವಣ ಸಂದುಗಳಲ್ಲಿರುವ ನೀರು ಕೊಳವೆಯ ನೀರಿದ್ದಂತೆ. ಈ ತತ್ತ್ವವನ್ನು 1920ರ ದಶಕದಲ್ಲಿ ಸ್ಪಷ್ಟವಾಗಿ ನಿರೂಪಿಸಿದವನು ಕಾರ್ಲ್ ಟರ್ಜಾಗಿ ಎಂಬ ಎಂಜಿನಿಯರು.

ಜಕಾರ್ತದ ಅಡಿಯಲ್ಲಿ ಮರಳಿನ ಪದರಗಳೂ ಜೇಡಿಮಣ್ಣಿನ ಪದರಗಳೂ ಒಂದರ ಮೇಲೊಂದಿವೆ. ಕೊಳವೆಬಾವಿಗಳು ಮರಳಿನ ಪದರದಿಂದ ನೀರನ್ನು ಹೀರಿದಾಗ ಅಲ್ಲಿನ ಒತ್ತಡ ಇಳಿಯುತ್ತದೆ. ಆಗ ಪಕ್ಕದ ಜೇಡಿಮಣ್ಣಿನ ನೀರು ನಿಧಾನವಾಗಿ ಮರಳಿಗೆ ಜಿನುಗುತ್ತದೆ. ನೀರಿನ ಮಟ್ಟವು 10 ಮೀಟರ್ ಇಳಿದರೆ ಮಣ್ಣಿನ ಕಣಗಳು ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ನುಗಳಷ್ಟು ಹೆಚ್ಚಿನ ಭಾರವನ್ನು ಹೊರಬೇಕಾಗುತ್ತದೆ. ಮಹಡಿಯೊಂದಕ್ಕೆ ಸುಮಾರು ಒಂದು ಟನ್ ಎಂದು ಲೆಕ್ಕ ಹಿಡಿದರೆ, ಊರಿಗೆ ಊರೇ ಹತ್ತು ಅಂತಸ್ತಿನ ಅದೃಶ್ಯ ಕಟ್ಟಡವೊಂದನ್ನು ಹೇರಿದಂತೆ ಆಯಿತು! ನಿಜವಾದ ಕಟ್ಟಡಗಳ ತೂಕವೂ, ಎಳೆಯ ಮಣ್ಣು ತಾನಾಗಿಯೇ ಕುಗ್ಗುವುದೂ ಇದಕ್ಕೆ ಕೂಡುತ್ತವೆ.

ನಮ್ಮ ಬೆಂಗಳೂರಿನಲ್ಲಿಯೂ ಕೊಳವೆಬಾವಿಗಳು ಅಸಂಖ್ಯವಾಗಿದ್ದು, ನೀರಿನ ಮಟ್ಟವು ಆಳಕ್ಕಿಳಿದಿದೆಯಲ್ಲ, ನೆಲವೇಕೆ ಹೀಗೆ ತಗ್ಗಲಿಲ್ಲ ಎಂದು ಓದುಗರು ಕೇಳಬಹುದು. ಬೆಂಗಳೂರಿನ ಅಡಿಯಲ್ಲಿರುವುದು ಪುರಾತನವಾದ ಗಟ್ಟಿ ಶಿಲೆ; ನೀರಿರುವುದು ಅದರ ಬಿರುಕುಗಳಲ್ಲಿ. ನೀರು ಹೋದರೂ ಶಿಲೆಯು ಕುಗ್ಗುವುದಿಲ್ಲ. ಬಾವಿ ಬತ್ತುವುದು ಎರಡೂ ಊರುಗಳಿಗೆ ಸಮಾನ. ನೆಲ ಇಳಿಯುವುದು ಮೆಕ್ಕಲುಮಣ್ಣಿನ ಊರಿನ ಪಾಲಿಗೆ ಮಾತ್ರ.

ಪರಿಹಾರವುಂಟೆ?

ಸ್ಪ್ರಿಂಗಿನ ಮಾದರಿಯು ಒಂದು ವಿಷಯದಲ್ಲಿ ಮಾತ್ರ ಜೇಡಿಮಣ್ಣಿಗೆ ಹೊಂದುವುದಿಲ್ಲ. ಭಾರವನ್ನು ತೆಗೆದರೆ ಸ್ಪ್ರಿಂಗು ಮತ್ತೆ ಏಳುತ್ತದೆ. ಜೇಡಿಯ ಕಣಗಳು ಒಮ್ಮೆ ಒತ್ತಾಗಿ ಕೂಡಿಕೊಂಡರೆ ಹಿಂದಿನ ಸ್ಥಿತಿಗೆ ಮರಳುವುದು ಅತ್ಯಲ್ಪ. ಆದುದರಿಂದ ತಗ್ಗಿದ ನೆಲವನ್ನು ಮೇಲೆತ್ತುವುದು ಅಸಾಧ್ಯ. ಆದರೆ ಮುಂದೆ ತಗ್ಗದಂತೆ ತಡೆಯುವುದು ಸಾಧ್ಯ. ಟೋಕಿಯೊ ನಗರದ ಪೂರ್ವ ಭಾಗವು 20ನೆಯ ಶತಮಾನದಲ್ಲಿ ಇದೇ ಕಾರಣದಿಂದ ಕೆಲವೆಡೆ 4 ಮೀಟರಿಗೂ ಹೆಚ್ಚು ತಗ್ಗಿತ್ತು. ಜಪಾನು 1956 ಮತ್ತು 1962ರ ಶಾಸನಗಳ ಮೂಲಕ ಅಂತರ್ಜಲದ ಬಳಕೆಗೆ ಮಿತಿಯನ್ನು ಹಾಕಿ, ಬದಲಿಗೆ ನದಿಯ ನೀರನ್ನು ಒದಗಿಸಿದ ಮೇಲೆ, 1970ರ ದಶಕದಲ್ಲಿ ಕುಸಿತವು ಬಹುಮಟ್ಟಿಗೆ ನಿಂತಿತು.

ಜಕಾರ್ತದಲ್ಲಿಯೂ ಪ್ರಯತ್ನಗಳು ನಡೆದಿವೆ. ಕೆಲವು ವಲಯಗಳಲ್ಲಿ ದೊಡ್ಡ ಕಟ್ಟಡಗಳು ಅಂತರ್ಜಲವನ್ನು ಎತ್ತುವುದನ್ನು 2023ರ ಆಗಸ್ಟಿನಿಂದ ನಿಷೇಧಿಸಲಾಯಿತು. ಆದರೆ ಬಾವಿಯನ್ನು ಮುಚ್ಚೆಂದು ಹೇಳುವ ಮೊದಲು ನಲ್ಲಿಯಲ್ಲಿ ನೀರು ಬರಬೇಕು. ನಗರದ ನಲ್ಲಿನೀರಿನ ಬಹುಪಾಲು ಬರುವುದು 1967ರಲ್ಲಿ ಪೂರ್ಣಗೊಂಡ ಜತಿಲುಹುರ್ ಅಣೆಕಟ್ಟಿನಿಂದ, ಕಾಲುವೆಯ ಮೂಲಕ. ಆ ನೀರು ಬಹುಕಾಲ ಎಲ್ಲ ಮನೆಗಳನ್ನೂ ಮುಟ್ಟಲಿಲ್ಲ. ನಗರದ ಮಧ್ಯದಲ್ಲಿ ಹರಿಯುವ ಹದಿಮೂರು ನದಿಗಳ ನೀರೋ, ಕೊಳಕಿನಿಂದಾಗಿ ಕುಡಿಯಲು ಬಾರದು. ನೀರಿನ ನಡುವೆ ಇದ್ದೂ ನೀರಿಗಾಗಿ ನೆಲವನ್ನು ಕೊರೆಯಬೇಕಾಗಿ ಬಂದುದೇ ಈ ನಗರದ ದುರವಸ್ಥೆಯ ಮೂಲ.

2019ರಲ್ಲಿ ಅಧ್ಯಕ್ಷರಾಗಿದ್ದ ಜೋಕೊ ವಿಡೊಡೊ ಅವರು ರಾಜಧಾನಿಯನ್ನು ಬೋರ್ನಿಯೊ ದ್ವೀಪದ ಪೂರ್ವ ಭಾಗಕ್ಕೆ ಸ್ಥಳಾಂತರಿಸುವುದಾಗಿ ಘೋಷಿಸಿದರು. ನುಸಂತರವೆಂಬ ಆ ಹೊಸ ನಗರಕ್ಕೆ ಸಂಬಂಧಿಸಿದ ಶಾಸನವು 2022ರಲ್ಲಿ ಅಂಗೀಕೃತವಾಯಿತು. ಆದರೆ ಕಚೇರಿಗಳು ಹೊರಟುಹೋಗಬಹುದು. ಕೋಟ್ಯಂತರ ಜನರು ಹೊರಡಲಾರರು. ಬಂದರೂ ಮುವಾರ ಬಾರುವಿನ ಬೆಸ್ತರೂ ಅಲ್ಲಿಯೇ ಉಳಿಯುತ್ತಾರೆ. ಗೋಡೆಯನ್ನು ಎತ್ತರಿಸುವುದರಿಂದ ಅವರಿಗೆ ಕೆಲವು ವರ್ಷಗಳ ರಕ್ಷಣೆ ದೊರೆತೀತು. ಆದರೆ ಗೋಡೆಯೂ ಅದೇ ನೆಲದ ಮೇಲೆ ನಿಂತು ಅದರೊಡನೆಯೇ ಇಳಿಯುತ್ತದೆ. ಪ್ರತಿಯೊಂದು ಮನೆಗೂ ಶುದ್ಧವಾದ ನಲ್ಲಿನೀರನ್ನು ಮುಟ್ಟಿಸುವುದೇ ನಿಜವಾದ ತಡೆಗೋಡೆ.

ಇಂಡೊನೇಷ್ಯದ ಜನರು ತಾಯ್ನಾಡಿಗೆ ‘ತಾನಾಹ್ ಆಯಿರ್’ ಎನ್ನುತ್ತಾರೆ. ತಾನಾಹ್ ಎಂದರೆ ನೆಲ, ಆಯಿರ್ ಎಂದರೆ ನೀರು. ನೀರನ್ನು ಕಾಪಾಡದೆ ನೆಲವನ್ನು ಉಳಿಸಿಕೊಳ್ಳಲಾಗದೆಂಬುದು ಜಕಾರ್ತದ ಸಂದರ್ಶನದಿಂದ ನಾವು ಕಲಿಯತಕ್ಕ ಪಾಠ.